ಹಿಂದಿನಿಂದ ಓದಿದರೂ ಅದೇ ಸಂಖ್ಯೆ

ಪ್ರಶ್ನೆ: ಮಲ್ಲಂದೂರಿನ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಮಗ ಒಂಬತ್ತನೇ ಕ್ಲಾಸು. ಮಳೆ ಹಿಡಿದಾಗಿನಿಂದ ಅವನಿಗೆ ದೊಡ್ಡ ದೊಡ್ಡ ಸಂಖ್ಯೆಗಳ ಹುಚ್ಚು. ಕರೆಂಟು ಹೋದರೆ ಮೇಣದಬತ್ತಿ ಹಚ್ಚಿಕೊಂಡು ಗುಣಿಸುತ್ತಾ ಕೂರುತ್ತಾನೆ. ಮೊನ್ನೆ ಚೆಕ್‌ರೋಲಿನ ಹಿಂದಿನ ಹಾಳೆಗಳ ತುಂಬಾ 12345654321 ಅಂತ ಬರೆದು ಭಾಗಿಸಿಟ್ಟಿದ್ದ. ಅವರಪ್ಪ ಬೆನ್ನಿಗೆ ಎರಡು ಬಾರಿಸಿದರು. ಪರೀಕ್ಷೆಯಲ್ಲಿ ನೋಡಿದರೆ ಗಣಿತಕ್ಕೆ ಬರೀ 54. ಇವನ ತಲೆ ಸರಿಯಿದೆಯೇ?
– ಒಬ್ಬ ತಾಯಿ, ಮಲ್ಲಂದೂರು

ಉತ್ತರ: ಹೊತ್ತಿಗೆ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ, ಕರೆದರೆ ಓಗೊಡುತ್ತಾನೆ ಅಂತಾದರೆ ಡಾಕ್ಟರ ಮಾತೇ ಬೇಡ. ಚೆಕ್‌ರೋಲ್ ಮುಟ್ಟಿದ್ದು ತಪ್ಪು. ಅದರಲ್ಲಿರುವುದು ಇನ್ನೊಬ್ಬರ ಕೂಲಿಯ ಲೆಕ್ಕ. ಹಾಗಂತ ಹೇಳಿ, ಇನ್ನೂರು ಪುಟದ ನೋಟ್‌ಬುಕ್ ತಂದುಕೊಡಿ. ಬಾರಿಸಿದ್ದೂ ತಪ್ಪೇ. ಅದನ್ನು ನಿಮ್ಮ ಯಜಮಾನರಿಗೆ ನೀವೇ ಹೇಳಬೇಕು.

ಈಗ ಆ ಸಂಖ್ಯೆಗೆ ಬರೋಣ. ನಿಮ್ಮ ಪತ್ರ ಓದಿ ನಾನೂ ಒಂದು ಸಂಜೆ ಅದರ ಜೊತೆ ಕಳೆದೆ. 111111ನ್ನು 111111ರಿಂದಲೇ ಗುಣಿಸಿ ನೋಡಿ. ಆರು ಸಾಲುಗಳು ಒಂದೊಂದು ಮನೆ ಎಡಕ್ಕೆ ಸರಿಯುತ್ತಾ ಇಳಿಯುತ್ತವೆ, ಗುಡ್ಡದ ಇಳಿಜಾರಿನ ಗಿಡದ ಸಾಲಿನ ಹಾಗೆ. ಕೂಡುತ್ತಾ ಬಂದರೆ ಬಲತುದಿಯಲ್ಲಿ ಒಂದು, ಆಮೇಲೆ ಎರಡು, ಮೂರು, ನಡುವೆ ಆರು, ಮತ್ತೆ ಇಳಿಮುಖ. ಅದೇ ನಿಮ್ಮ ಹುಡುಗನ ಸಂಖ್ಯೆ. 111111ರೊಳಗೆ 3, 7, 11, 13, 37 ಇವೆ. ಅದನ್ನೇ ಎರಡು ಸಲ ಗುಣಿಸಿದ್ದರಿಂದ ಇವೈದೂ ಇಲ್ಲಿ ಎರಡೆರಡು ಸಲ ಸೇರಿಕೊಂಡಿವೆ. ಅವನು ಭಾಗಿಸುತ್ತಾ ಹುಡುಕಿದ್ದು ಇವನ್ನೇ ಇರಬೇಕು.

ಈ ಹುಚ್ಚು ಅವನಿಗೇ ಮೊದಲು ಹಿಡಿದದ್ದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಹಿಂದೆ ಮುಂದೆ ಒಂದೇ ಥರ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ. 27994681ನ್ನು 441ರಿಂದ ಗುಣಿಸಿದರೆ ಬರುವ 12345654321 ಅವನ ಪುಸ್ತಕದಲ್ಲೇ ಇದೆ. ನೃಪತುಂಗ ಅಂದರೆ ನಮಗೆ ‘ಕವಿರಾಜಮಾರ್ಗ’ವಷ್ಟೇ ನೆನಪಾಗುತ್ತದೆ, ಈ ಲೆಕ್ಕದವನನ್ನು ಮರೆತೇಬಿಟ್ಟಿದ್ದೇವೆ.

54ರ ವಿಷಯ ಬೇರೆ. ಪರೀಕ್ಷೆಯಲ್ಲಿ ಹೊತ್ತಿಗೆ ಸರಿಯಾಗಿ ಹಂತ ಹಂತವಾಗಿ ಬರೆಯಬೇಕು, ಅದಕ್ಕೆ ಅಭ್ಯಾಸ ಬೇಕು. ವಾರಕ್ಕೆರಡು ಸಂಜೆ ಪಠ್ಯದ ಲೆಕ್ಕಕ್ಕೆ ಅಂತ ಅವನ ಜೊತೆ ಮಾತಾಡಿಕೊಳ್ಳಿ. ಉಳಿದ ಸಂಜೆಗಳು ಅವನವು.

ಇನ್ನೊಂದು ಕೆಲಸ. ಒಂಬತ್ತು ಒಂದುಗಳವರೆಗೂ ಹಾರ ಸರಿಯಾಗಿ ಬರುತ್ತದೆ. “ಹತ್ತು ಒಂದು ಹಾಕಿದ್ರೆ ಏನಾಗುತ್ತೋ ಮಗಾ?” ಅಂತ ಕೇಳಿ. ನಡುವಿನ ಮನೆಯಲ್ಲಿ ಹತ್ತು ಬಂದು, ಸೊನ್ನೆ ಉಳಿದು, ದಶಕ ಪಕ್ಕಕ್ಕೆ ಹೋಗಿ ಹಾರ ಹರಿಯುತ್ತದೆ: 1234567900987654321. ನಿಮಗೆ ಉತ್ತರ ಗೊತ್ತು ಅಂತ ತೋರಿಸಿಕೊಳ್ಳಬೇಡಿ. ಅವನು ವಿವರಿಸುವಾಗ ಯಜಮಾನರೂ ಪಕ್ಕದಲ್ಲಿರಲಿ. ಕುಯ್ಲಿನ ಲೆಕ್ಕ ಕೂಡಿ ಕೂಡಿ ಪಳಗಿದವರು, ದಶಕ ಎಲ್ಲಿಗೆ ಹೋಯಿತು ಅಂತ ಅವರಿಗೆ ತಟ್ಟನೆ ಗೊತ್ತಾಗುತ್ತದೆ.