ದೂರದ ಬೆಟ್ಟ ಕುಸಿದಾಗ ಮಾಲೆ ಹಾಕಿದವರ ಕೆಲಸವೇನು?

ಸ್ವಾಮಿಯೇ ಶರಣಮಯ್ಯಪ್ಪ.

ವ್ರತದ ಊಟ, ಸ್ನಾನ, ಇರುಮುಡಿ ಕಟ್ಟುವುದರ ಬಗ್ಗೆ ಹಿರಿಯರು ಹೇಳಿಕೊಡುತ್ತಾರೆ. ಇವತ್ತಿನ ಪಾಠ ಸ್ವಲ್ಪ ಬೇರೆ. ಎಲ್ಲೋ ದೂರದಲ್ಲಿ ಪ್ರವಾಹ ಬಂತು, ಗುಡ್ಡ ಕುಸಿಯಿತು ಅಂತ ಫೋನಿಗೆ ಸುದ್ದಿ ಬಂದಾಗ ನಾವು ಏನು ಮಾಡಬೇಕು? ಪ್ರತಿ ಮಳೆಗಾಲದಲ್ಲೂ ಈ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಕೈಮುಗಿದ ಎಮೋಜಿ ಹಾಕಿ, ಒಂದು ವಿಡಿಯೊ ಫಾರ್ವರ್ಡ್ ಮಾಡಿ ಮುಂದೆ ಹೋಗುತ್ತಾರೆ. ಮಾಲೆ ಹಾಕಿದವರಿಗೆ ಅಷ್ಟು ಸಾಕೇ?

1. ಬೆಟ್ಟ ಒಂದೇ

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಜುಲೈ 25ರಂದು ನಮ್ಮ ಪುಣೆಯಲ್ಲೇ, ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ಬಿಟ್ಟ ಮೇಲೆ, ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ಹೊಳೆ ನುಗ್ಗಿತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಮಣ್ಣಿನಡಿ ಹೋದವು. ಎಲ್ಲ ಹದಿನೈದು ದಿನದೊಳಗೆ.

ಅದಕ್ಕೆ ಸರಿಯಾಗಿ ಹತ್ತು ವರ್ಷ ಹಿಂದೆ, 2014ರ ಅದೇ ಜುಲೈ 30ರಂದು, ಪುಣೆ ಜಿಲ್ಲೆಯ ಅಂಬೇಗಾಂವ್ ತಾಲ್ಲೂಕಿನ ಮಾಳೀಣ್ ಎಂಬ ಆದಿವಾಸಿ ಊರಿನ ಮೇಲೆ ಬೆಟ್ಟ ಬಿತ್ತು. 151 ಜನ ಸತ್ತರು. ಊರು ಇಲ್ಲವಾಗಿದೆ ಎಂದು ಹೊರಗಿನವರಿಗೆ ಮೊದಲು ತಿಳಿಸಿದ್ದು ಎಸ್‌ಟಿ ಬಸ್ಸಿನ ಡ್ರೈವರ್. ದಿನಾ ಕಾಣುತ್ತಿದ್ದ ಊರು ಆ ದಿನ ಕಾಣಲಿಲ್ಲ.

ಮ್ಯಾಪ್ ತೆಗೆದು ನೋಡಿ. ಮಾಳೀಣ್ ಇರುವುದು ಭೀಮಾಶಂಕರದ ಕಡೆಯ ಸಹ್ಯಾದ್ರಿಯಲ್ಲಿ. ಖಡಕ್‌ವಾಸ್ಲಾದ ನೀರು ಇಳಿದು ಬರುವುದೂ ಸಹ್ಯಾದ್ರಿಯಿಂದಲೇ. ಶಿರೂರು, ಚೂರಲ್‌ಮಲ ಅದೇ ಸಾಲಿನಲ್ಲಿವೆ. ಇನ್ನೂ ದಕ್ಷಿಣಕ್ಕೆ ಹೋದರೆ ಅದೇ ಸಾಲಿನಲ್ಲಿ ಶಬರಿಮಲೆ. ನಾವು ಹತ್ತುವ ಬೆಟ್ಟ ಮತ್ತು ಅವರ ಮೇಲೆ ಬಿದ್ದ ಬೆಟ್ಟ ಬೇರೆ ಬೇರೆ ಅಲ್ಲ. ಆದ್ದರಿಂದ "ದೂರದ ದುರಂತ" ಅನ್ನುವಾಗ ದೂರ ಎಷ್ಟು ಅಂತ ಒಮ್ಮೆ ಯೋಚಿಸಿ.

2. ಅಲ್ಲಿ ಇದ್ದವರು ಯಾರು?

ಸುದ್ದಿಯಲ್ಲಿ ಸಂಖ್ಯೆ ಬರುತ್ತದೆ, ಜನ ಬರುವುದಿಲ್ಲ. ಆದ್ದರಿಂದ ಮೊದಲ ಕೆಲಸ ಆ ಜನರನ್ನು ತಿಳಿದುಕೊಳ್ಳುವುದು.

ಮುಂಡಕ್ಕೈ, ಚೂರಲ್‌ಮಲ ಮೇಪ್ಪಾಡಿ ಪಂಚಾಯಿತಿಯ ಊರುಗಳು. ಸುತ್ತ ಚಹಾ ತೋಟ, ಏಲಕ್ಕಿ ತೋಟ. ಕೊಡಗಿನಲ್ಲಿ ನಾವು ಲೈನ್ ಮನೆ ಅನ್ನುತ್ತೇವಲ್ಲ, ಅಂಥ ಸಾಲು ಮನೆಗಳಿಗೆ ಅಲ್ಲಿ ಪಾಡಿ ಎನ್ನುತ್ತಾರೆ. ತಲೆಮಾರುಗಳ ಹಿಂದೆ ತೋಟದ ಕೆಲಸಕ್ಕೆ ಬಂದವರ ಮಕ್ಕಳು ಮೊಮ್ಮಕ್ಕಳು, ಇತ್ತೀಚೆಗೆ ಉತ್ತರದ ರಾಜ್ಯಗಳಿಂದ ಬಂದ ಕೂಲಿಗಳು, ಸಣ್ಣ ಅಂಗಡಿಯವರು, ಹೋಮ್‌ಸ್ಟೇ ನಡೆಸುವವರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಅಕ್ಕಪಕ್ಕದಲ್ಲೇ. ಚಾಮರಾಜನಗರದ ಕಡೆಯಿಂದ ಹೋಗಿ ನೆಲೆಸಿದ್ದ ನಮ್ಮ ಕನ್ನಡಿಗರೂ ಸತ್ತವರಲ್ಲಿದ್ದರು.

ಅಲ್ಲಿ 48 ಗಂಟೆಯಲ್ಲಿ 572 ಮಿಲಿಮೀಟರ್ ಮಳೆ ಬಿತ್ತು. ನಮ್ಮ ವಿಜಯಪುರದಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 600. ಒಂದು ವರ್ಷದ ಮಳೆ ಎರಡೇ ದಿನದಲ್ಲಿ ಇಳಿಜಾರಿನ ಮೇಲೆ ಬಿದ್ದರೆ ಮಣ್ಣು ನಿಲ್ಲುವುದಿಲ್ಲ. ಸುಮಾರು 1,550 ಮೀಟರ್ ಎತ್ತರದಲ್ಲಿ ಕಿತ್ತ ಮಣ್ಣು, ಬಂಡೆ, ಮರ ಹೊಳೆಯ ಜೊತೆ ಸೇರಿ ಎಂಟು ಕಿಲೋಮೀಟರ್ ಓಡಿತು. ಮಲಗಿದ್ದವರಿಗೆ ಎದ್ದು ನಿಲ್ಲಲು ಸಮಯವಿರಲಿಲ್ಲ. 250ಕ್ಕೂ ಹೆಚ್ಚು ಜನ ಹೋದರು. ಎಷ್ಟೋ ದೇಹಗಳು ಚಾಲಿಯಾರ್ ನದಿಯಲ್ಲಿ ತೇಲಿ ಪಕ್ಕದ ಮಲಪ್ಪುರಂ ಜಿಲ್ಲೆಯ ನಿಲಂಬೂರಿನಲ್ಲಿ ಸಿಕ್ಕವು.

ಗುರುತು ಸಿಗದವರನ್ನು ಪುತ್ತುಮಲದಲ್ಲಿ ಮಣ್ಣು ಮಾಡಿದರು. ಆ ಪುತ್ತುಮಲದಲ್ಲೇ 2019ರ ಆಗಸ್ಟ್ 8ರಂದು ಗುಡ್ಡ ಕುಸಿದು 17 ಜನ ಸತ್ತಿದ್ದರು. ಯಾರು ಯಾವ ಜಾತಿ, ಯಾವ ಧರ್ಮ ಅಂತ ಗೊತ್ತಿಲ್ಲದ್ದರಿಂದ ಎಲ್ಲ ಧರ್ಮದವರೂ ನಿಂತು ಪ್ರಾರ್ಥನೆ ಮಾಡಿದರು. ಸಮಾಧಿಯ ಮೇಲೆ ಹೆಸರಿನ ಬದಲು ನಂಬರ್ ಇಟ್ಟರು.

ಸ್ವಾಮಿಗಳೇ, ಮಾಲೆ ಹಾಕಿದ ದಿನದಿಂದ ನಾವೂ ಹೆಸರು ಬಿಡುತ್ತೇವೆ. ಮ್ಯಾನೇಜರ್ ಆಗಲಿ, ಸೆಕ್ಯುರಿಟಿಯವರಾಗಲಿ, ಎಲ್ಲರೂ ಸ್ವಾಮಿ. ಅದು ನಾವು ಇಷ್ಟಪಟ್ಟು ಬಿಟ್ಟ ಹೆಸರು. ಅವರದ್ದು ಬಲವಂತವಾಗಿ ಹೋದ ಹೆಸರು. ಸನ್ನಿಧಾನದಲ್ಲಿ "ತತ್ತ್ವಮಸಿ" ಎಂದು ಬರೆದಿರುವುದನ್ನು ಓದಿ ಬರುವ ನಾವು, ಆ ನಂಬರಿನ ಹಿಂದೆ ಇದ್ದವರೂ ಸ್ವಾಮಿಯೇ ಎಂದು ತಿಳಿಯದಿದ್ದರೆ 41 ದಿನ ಕರೆದದ್ದು ಬರೀ ಬಾಯಿಮಾತು.

3. "ಯಾರ ಪಾಪಕ್ಕೆ?" ಎಂದು ಕೇಳುವವರಿಗೆ

2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಪಂಪೆಯ ತ್ರಿವೇಣಿಯೂ ಮುಳುಗಿತು. ಸೇತುವೆ ಮರಳಿನಲ್ಲಿ ಹೂತಿತು, ಮಂಟಪ ಕೊಚ್ಚಿಹೋಯಿತು, ಭಕ್ತರು ಬರಬೇಡಿ ಎಂದು ಹೇಳಬೇಕಾಯಿತು. ನಮ್ಮ ಗಾಡಿಗಳನ್ನು ನಿಲಕ್ಕಲ್‌ನಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಪಂಪೆಗೆ ಹೋಗುವ ಪದ್ಧತಿ ಶುರುವಾದದ್ದು ಆ ಪ್ರವಾಹದ ನಂತರ. ಆಗ "ಇದು ಅಯ್ಯಪ್ಪನ ಕೋಪ" ಎಂಬ ಮೆಸೇಜುಗಳು ತುಂಬಾ ಓಡಾಡಿದವು. ಅಯ್ಯಪ್ಪನ ಹೆಸರು ಹೇಳಿಕೊಂಡು ಬರುವುದರಿಂದ ಇಂಥ ಮಾತಿಗೆ ನಾವೇ ಉತ್ತರ ಹೇಳಬೇಕು.

ಆ ಪ್ರವಾಹದಲ್ಲಿ 480ಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಶಿಬಿರಗಳಲ್ಲಿ ಮಲಗಿದರು. ಅವರಲ್ಲಿ ವರ್ಷಾ ವರ್ಷಾ ಮಾಲೆ ಹಾಕುವವರೂ ಇದ್ದರು, ಎಳೆ ಕೂಸುಗಳೂ ಇದ್ದವು. ಜೂನ್ 1ರಿಂದ ಆಗಸ್ಟ್ 19ರವರೆಗೆ ವಾಡಿಕೆಗಿಂತ ಶೇ. 42ರಷ್ಟು ಹೆಚ್ಚು ಮಳೆ ಆಗಿತ್ತು, ಅಣೆಕಟ್ಟುಗಳು ತುಂಬಿದ್ದವು, ಬಾಗಿಲು ತೆರೆಯಬೇಕಾಯಿತು. ಕಾರಣ ಕೇಳಿದರೆ ಇದು ಕಾರಣ.

ನಾವು ಪುಣೆಯಿಂದ ರೈಲಿನಲ್ಲಿ ಹೋಗಿ ಇಳಿಯುವ ಚೆಂಗನ್ನೂರು ಆಗ ದ್ವೀಪದಂತಾಗಿತ್ತು. ಕೊಲ್ಲಂ, ಆಲಪ್ಪುಳ, ತಿರುವನಂತಪುರದ ಕಡಲ ಕರೆಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದರು. ಅವರಲ್ಲಿ ಕ್ರೈಸ್ತರಿದ್ದರು, ಮುಸ್ಲಿಮರಿದ್ದರು, ಹಿಂದೂಗಳಿದ್ದರು. ಸಾವಿರಾರು ಜನರನ್ನು ಮನೆಯ ಮಾಳಿಗೆಯಿಂದ ಇಳಿಸಿ ತಂದರು. ಒಬ್ಬ ಮೀನುಗಾರ ನೀರಿನಲ್ಲಿ ಮೊಣಕಾಲೂರಿ ಬಗ್ಗಿ, ಹೆಂಗಸರು ತನ್ನ ಬೆನ್ನು ತುಳಿದು ದೋಣಿ ಹತ್ತಲಿ ಎಂದು ಬಿಟ್ಟುಕೊಟ್ಟ ವಿಡಿಯೊ ನೀವೂ ನೋಡಿರಬಹುದು. ಎರುಮೇಲಿಯಲ್ಲಿ ವಾವರನಿಗೆ ನಮಸ್ಕರಿಸಿ ಮುಂದೆ ಹೋಗುವ ನಮಗೆ ಇದು ಹೊಸ ಪಾಠವೇನಲ್ಲ.

"ಅಂಥ ಜಾಗದಲ್ಲಿ ಯಾಕೆ ಮನೆ ಕಟ್ಟಿದರು?" ಎಂಬುದು ಇನ್ನೊಂದು ಮಾತು. ಬೆಟ್ಟ ಕಡಿಯುವುದು, ಕ್ವಾರಿ, ರೆಸಾರ್ಟ್ ಬಗ್ಗೆ ಪ್ರಶ್ನೆ ಕೇಳಬೇಕು. ಪುಣೆಯವರೇ ಆದ ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲೇ ಪಶ್ಚಿಮ ಘಟ್ಟದ ಬಗ್ಗೆ ಎಚ್ಚರಿಸಿತ್ತು. ಆದರೆ ಆ ಪ್ರಶ್ನೆಯನ್ನು ಸರ್ಕಾರಕ್ಕೆ, ಅನುಮತಿ ಕೊಟ್ಟವರಿಗೆ ಕೇಳಿ. ತೋಟದವರು ಕೊಟ್ಟ ಪಾಡಿಯಲ್ಲಿ ಮಲಗಿದ್ದ ಕೂಲಿಯವಳು ಆ ಜಾಗವನ್ನು ಆರಿಸಿಕೊಂಡಿರಲಿಲ್ಲ.

4. ಮೊದಲು ಕೇಳಿ, ಆಮೇಲೆ ಕೊಡಿ

ನನ್ನ ಕೆಲಸ ಐಟಿ ಸಪೋರ್ಟ್. ಡಿಪ್ಲೊಮಾ ಮುಗಿಸಿ ಪುಣೆಗೆ ಬಂದವನು. ನಮ್ಮಲ್ಲಿ ಹೊಸಬರಿಗೆ ಮೊದಲ ದಿನ ಹೇಳಿಕೊಡುವುದು ಒಂದೇ: ಊಹೆ ಮಾಡಬೇಡ, "ನಿಮ್ಮ ಸ್ಕ್ರೀನ್ ಮೇಲೆ ಏನು ಕಾಣುತ್ತಿದೆ?" ಅಂತ ಕೇಳು. ಸಹಾಯದಲ್ಲೂ ಇದೇ ಕ್ರಮ.

ವಯನಾಡು ಕುಸಿದ ವಾರ ನಮ್ಮ ಟೀಮಿನ ಮಲಯಾಳಿ ಗೆಳೆಯನಿಗೆ ಎಲ್ಲರೂ ವಿಡಿಯೊ ಕಳಿಸುತ್ತಿದ್ದರು. ಅವನ ಅತ್ತಿಗೆಯ ತವರು ಮೇಪ್ಪಾಡಿ. "ನಿನಗೆ ಈಗ ಏನು ಬೇಕು?" ಅಂತ ಕೇಳಿದೆ. "ನನ್ನ ಎರಡು ನೈಟ್ ಶಿಫ್ಟ್ ಯಾರಾದರೂ ತಗೊಳ್ಳಿ, ರಾತ್ರಿ ಮನೆಯವರ ಜೊತೆ ಫೋನಿನಲ್ಲಿ ಇರಬೇಕು" ಅಂದ. ಇಬ್ಬರು ಒಂದೊಂದು ಶಿಫ್ಟ್ ತೆಗೆದುಕೊಂಡೆವು. ಅವನಿಗೆ ಬೇಕಿದ್ದದ್ದು ಅಷ್ಟೇ, ಕೇಳದೆ ಇದ್ದಿದ್ದರೆ ಗೊತ್ತಾಗುತ್ತಿರಲಿಲ್ಲ.

ಇನ್ನು ಕೆಲವು ಕೆಲಸದ ಮಾತು:

• ವಿಡಿಯೊ: ಯಾವ ದಿನದ್ದು, ಯಾವ ಊರಿನದ್ದು, ಯಾರು ಹಾಕಿದ್ದು ಎಂಬ ಮೂರೂ ಗೊತ್ತಿಲ್ಲದಿದ್ದರೆ ಫಾರ್ವರ್ಡ್ ಬೇಡ. ಹೆಣದ ಚಿತ್ರ, ಅಳುವ ತಾಯಿಯ ಮುಖ ಯಾವತ್ತೂ ಬೇಡ. ಅದು ನಮ್ಮ ಮನೆಯವರದ್ದಾಗಿದ್ದರೆ ಕಳಿಸುತ್ತಿದ್ದೆವೇ?

• ವಸ್ತು: ಶಿಬಿರದವರು ಅಥವಾ ಜಿಲ್ಲಾಡಳಿತ ಕೊಟ್ಟ ಪಟ್ಟಿ ನೋಡಿ ಕಳಿಸಿ. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಗೆ ಬಂದ ಹಳೇ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದವು. ಎಲ್ಲ ಕಳಕೊಂಡವರಿಗೂ ಮರ್ಯಾದೆ ಇರುತ್ತದೆ. ನಾವು ಉಡದ ಬಟ್ಟೆ ಅವರಿಗೂ ಬೇಡ.

• ಹಣ: ಸ್ವಲ್ಪವಾದರೂ ಸರಿ, ಹಣ ಬೇಗ ತಲುಪುತ್ತದೆ. ಆದರೆ ಗ್ರೂಪಿನಲ್ಲಿ ಬಂದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ದುರ್ಬಳಕೆ ಆಗಬಹುದೆಂದು ಕೇರಳ ಸರ್ಕಾರವೇ 2024ರಲ್ಲಿ ತನ್ನ ಪರಿಹಾರ ನಿಧಿಯ ಕ್ಯೂಆರ್ ಕೋಡ್ ಹಿಂದಕ್ಕೆ ತೆಗೆದುಕೊಂಡಿತು. ಸರ್ಕಾರದ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಯುಪಿಐನಲ್ಲಿ ಪಿನ್ ಹಾಕುವ ಮುಂಚೆ ಹಣ ಪಡೆಯುವವರ ಹೆಸರು ಓದಿ.

• ಹೋಗುವುದು: ಕರೆಯದೆ ಹೋಗಬೇಡಿ. ನೋಡಲು ಬರುವವರಿಂದ ರಕ್ಷಣಾ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಕೇರಳ ಪೊಲೀಸರು ಆಗ ಕೇಳಿಕೊಳ್ಳಬೇಕಾಯಿತು. ಅಲ್ಲಿಗೆ ಹೋಗಬೇಕಾದವರು ಹೋದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಚೂರಲ್‌ಮಲದ ಹೊಳೆಗೆ 190 ಅಡಿಯ ಬೇಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ಕಟ್ಟಿ ಮುಗಿಸಿದರು. ಆ ತಂಡದಲ್ಲಿದ್ದ ಮೇಜರ್ ಸೀತಾ ಶೆಲ್ಕೆ ಆಗ ಅಹಮದನಗರ ಎಂಬ ಹೆಸರಿದ್ದ ನಮ್ಮ ಪಕ್ಕದ ಜಿಲ್ಲೆಯವರು. ಕೆಲಸ ಬಲ್ಲವರಿಗೆ ದಾರಿ ಬಿಡುವುದೂ ಸೇವೆ.

• ಜಗಳ: ಶಿರೂರಿನಲ್ಲಿ ಕೋಝಿಕೋಡ್ ಕಡೆಯ ಲಾರಿ ಚಾಲಕರೊಬ್ಬರು ಸಿಕ್ಕಿಹಾಕಿಕೊಂಡರು, ಟೀ ಅಂಗಡಿ ನಡೆಸುತ್ತಿದ್ದ ನಮ್ಮ ಕನ್ನಡದ ಕುಟುಂಬವೂ ಹೋಯಿತು. ಆಗ ಜಾಲತಾಣದಲ್ಲಿ ಕರ್ನಾಟಕ, ಕೇರಳ ಅಂತ ಬೈದಾಡಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗಂಗಾವಳಿ ನದಿಯಲ್ಲಿ. ಆ ಎರಡು ತಿಂಗಳು ಕಾದ ಮನೆಯವರಿಗೆ ಯಾವ ಕಾಮೆಂಟ್ ಸಹಾಯ ಮಾಡಿತು?

5. ಟಿಕೆಟ್ ಯಾವಾಗ ಕ್ಲೋಸ್ ಆಗುತ್ತದೆ?

ಸಪೋರ್ಟ್‌ನಲ್ಲಿ ಇನ್ನೊಂದು ನಿಯಮವಿದೆ. ನಮ್ಮ ಕಡೆಯಿಂದ ಕೆಲಸ ಮುಗಿಯಿತು ಅಂತ ಟಿಕೆಟ್ ಕ್ಲೋಸ್ ಮಾಡುವ ಹಾಗಿಲ್ಲ. ಆ ಕಡೆಯವರು "ಸರಿಯಾಯಿತು" ಅನ್ನಬೇಕು.

ಮಾಳೀಣ್ ಸುದ್ದಿ ಎರಡು ವಾರದಲ್ಲಿ ಟಿವಿಯಿಂದ ಹೋಯಿತು. ಅಲ್ಲಿಯವರಿಗೆ ಹೊಸ ಊರು ಸಿಕ್ಕಿದ್ದು 2017ರ ಏಪ್ರಿಲ್‌ನಲ್ಲಿ, ಹತ್ತಿರ ಹತ್ತಿರ ಮೂರು ವರ್ಷಕ್ಕೆ. ವಯನಾಡಿನವರ ಹೊಸ ಊರಿಗೆ ಕಲ್ಪೆಟ್ಟದಲ್ಲಿ ಅಡಿಗಲ್ಲು ಬಿದ್ದದ್ದು 2025ರ ಮಾರ್ಚ್ 27ರಂದು, ಎಂಟು ತಿಂಗಳ ನಂತರ. ಅಲ್ಲಿಯವರೆಗೆ ತಿಂಗಳಿಗೆ 6,000 ರೂಪಾಯಿ ಬಾಡಿಗೆ ನೆರವಿನಲ್ಲಿ ಬೇರೆಯವರ ಮನೆ. ಮೊದಲ ವಾರದಲ್ಲಿ ಎಲ್ಲರೂ ಕೊಡುತ್ತಾರೆ, ಎಂಟನೇ ತಿಂಗಳಲ್ಲಿ ಕೊಡುವವರು ಕಡಿಮೆ. ನಾವು ಆ ಎಂಟನೇ ತಿಂಗಳಿನವರಾಗೋಣ. 500 ರೂಪಾಯಿ ಕೊಡುವ ಮನಸ್ಸಿದ್ದರೆ 250 ಈಗ ಕೊಡಿ, ಉಳಿದ 250ಕ್ಕೆ ಆರು ತಿಂಗಳ ನಂತರದ ತಾರೀಖಿಗೆ ಫೋನಿನಲ್ಲಿ ರಿಮೈಂಡರ್ ಇಡಿ.

ಹಾಗಾದರೆ ಪ್ರಾರ್ಥನೆ ಬೇಡವೇ? ಖಂಡಿತ ಬೇಕು. ಆದರೆ ಹೆಸರು ಹಿಡಿದು ಮಾಡಿ. "ಲೋಕಕ್ಕೆಲ್ಲ ಒಳ್ಳೆಯದಾಗಲಿ" ಎನ್ನುವ ಜೊತೆಗೆ "ಚೂರಲ್‌ಮಲದವರಿಗೆ ಈ ಮಳೆಗಾಲದಲ್ಲಿ ನಿದ್ದೆ ಬರಲಿ" ಎಂದು ಕೇಳಿ. ಊರಿನ ಹೆಸರು ಬಾಯಲ್ಲಿ ಬಂದರೆ ಅದು ಮರೆಯುವುದಿಲ್ಲ.

ಈ ವಾರದ ಅಭ್ಯಾಸ

1. ನೀವಿರುವ ಜಿಲ್ಲೆಯಲ್ಲಿ ಆದ ಒಂದು ಪ್ರವಾಹ ಅಥವಾ ಕುಸಿತದ ಬಗ್ಗೆ ಹಿರಿಯರನ್ನು ಕೇಳಿ. ಪುಣೆಯಲ್ಲಿದ್ದರೆ 1961ರ ಜುಲೈ 12ರ ಪಾನಶೆತ್ ಅಣೆಕಟ್ಟು ಒಡೆದ ದಿನವನ್ನು ಕೇಳಿ. ನೆನಪಿರುವ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ.

2. ನಿಮ್ಮ ಆಫೀಸಿನಲ್ಲಿ, ಪಿಜಿಯಲ್ಲಿ ಇರುವ ಮಲಯಾಳಿ, ಅಸ್ಸಾಮಿ, ಒಡಿಯಾ ಗೆಳೆಯರ ಊರಿನ ಹೆಸರು ತಿಳಿದುಕೊಳ್ಳಿ. ರಾಜ್ಯದ ಹೆಸರಲ್ಲ, ಊರಿನ ಹೆಸರು. ನಾಳೆ ಅಲ್ಲಿ ಮಳೆ ಸುದ್ದಿ ಬಂದರೆ ಮೊದಲು ಅವರಿಗೆ ಫೋನ್ ಮಾಡಿ, "ಏನು ಬೇಕು?" ಅಂತ ಕೇಳಿ.

3. ಮುಂದಿನ ಭಜನೆಯಲ್ಲಿ ಒಂದು ಶರಣು ಪುತ್ತುಮಲದ ನಂಬರಿನ ಸಮಾಧಿಗಳಲ್ಲಿ ಇರುವವರಿಗೆ ಕೂಗಿ. ಅವರು ಯಾರೇ ಆಗಿರಲಿ, ನಮಗೆ ಸ್ವಾಮಿಗಳು.

ಸ್ವಾಮಿಯೇ ಶರಣಮಯ್ಯಪ್ಪ.