ಅಂಗಡಿಯ ಉದ್ದರಿ ಪುಸ್ತಕ ಮತ್ತು ನಮ್ಮ ಮನೆಯ ಝಕಾತ್ ಲೆಕ್ಕ



ನಮ್ಮ ಅಬ್ಬಾ ಅವರದು ಶಿವಾಜಿನಗರದ ಒಂದು ಗಲ್ಲಿಯಲ್ಲಿ ಹೊಲಿಗೆ ಸಾಮಾನಿನ ಅಂಗಡಿ. ದಾರ, ಗುಂಡಿ, ಜಿಪ್, ಲೇಸು, ಸೀರೆಗೆ ಹಾಕುವ ಫಾಲ್, ಅಸ್ತರ್ ಬಟ್ಟೆ, ಇಷ್ಟೇ ವ್ಯಾಪಾರ. ಮನೆಯಲ್ಲಿ ಕೂತು ಬ್ಲೌಸ್, ಚೂಡಿದಾರ್ ಹೊಲಿಯುವ ಹೆಂಗಸರೇ ಹೆಚ್ಚಿನ ಗಿರಾಕಿಗಳು. ಅವರಿಗೆ ಹೊಲಿಗೆಯ ಕೂಲಿ ಬಂದ ಮೇಲೆ ನಮಗೆ ದುಡ್ಡು ಬರುತ್ತದೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಗಿಂತ ದಪ್ಪಗಿರುವುದು ಉದ್ದರಿ ಪುಸ್ತಕ.

2025ರಲ್ಲಿ ನನ್ನ ಮೊದಲ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ರಮಝಾನ್ ಬಂತು. ಮಾರ್ಚ್ 2ರಂದು ಮೊದಲ ಉಪವಾಸ. ಅಲ್ಲಿಯವರೆಗೆ ಅಬ್ಬಾ ಅಂದಾಜಿನ ಮೇಲೆ ಝಕಾತ್ ಕೊಡುತ್ತಿದ್ದರು. ಆ ಸಲ, "ಅಕೌಂಟೆನ್ಸಿ ಓದಿದ್ದೀಯಲ್ಲ, ಈ ವರ್ಷ ಲೆಕ್ಕ ನೀನೇ ಮಾಡು ಬೇಟಾ" ಎಂದರು. ನನಗೆ ಬಹಳ ಖುಷಿಯಾಯಿತು. ಶೇಕಡಾ ಎರಡೂವರೆ ತೆಗೆಯುವುದರಲ್ಲಿ ಏನಿದೆ, ಒಂದು ಗಂಟೆಯ ಕೆಲಸ ಅಂದುಕೊಂಡೆ. ಅದು ಇಡೀ ತಿಂಗಳು ಹಿಡಿಯಿತು, ನಡುವೆ ಒಂದು ತಪ್ಪೂ ಆಯಿತು. ಕಾಮರ್ಸ್ ಓದುವ ಗೆಳೆಯ ಗೆಳತಿಯರಿಗೆ ಉಪಯೋಗವಾಗಬಹುದು ಎಂದು ಎರಡನ್ನೂ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಹನಫಿಗಳು, ಲೆಕ್ಕವೂ ಆ ಪ್ರಕಾರದ್ದೇ. ಒಂಟೆ, ಕುರಿ, ಬೆಳೆಯ ಝಕಾತಿಗೆ ಬೇರೆ ನಿಯಮಗಳಿವೆ. ನಮ್ಮ ಗಲ್ಲಿಯಲ್ಲಿ ಒಂಟೆ ಇಲ್ಲದ್ದರಿಂದ ಅವುಗಳನ್ನು ಬಿಡುತ್ತೇನೆ.

ಮೊದಲನೆಯ ಪ್ರಶ್ನೆ, ಯಾವ ವರ್ಷ? ನಮ್ಮ ಪಠ್ಯದಲ್ಲಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಝಕಾತಿನದು ಚಂದ್ರಮಾನ ವರ್ಷ, ಸುಮಾರು 354 ದಿನ. 2024ರಲ್ಲಿ ಮಾರ್ಚ್ 12ಕ್ಕೆ ಶುರುವಾದ ರಮಝಾನ್ 2025ರಲ್ಲಿ ಮಾರ್ಚ್ 2ಕ್ಕೇ ಬಂದದ್ದು ಇದರಿಂದ. ಇಂಗ್ಲಿಷ್ ಕ್ಯಾಲೆಂಡರ್ ಹಿಡಿದು ಪ್ರತಿ ಮಾರ್ಚ್ 31ಕ್ಕೆ ಎರಡೂವರೆ ಶೇಕಡಾ ಕೊಡುತ್ತಾ ಹೋದರೆ ಸುಮಾರು 33 ವರ್ಷಗಳಲ್ಲಿ ಒಂದು ಪೂರ್ತಿ ವರ್ಷದ ಝಕಾತ್ ತಪ್ಪಿಹೋಗುತ್ತದೆ. ಇಂಗ್ಲಿಷ್ ವರ್ಷವೇ ಬೇಕು ಎನ್ನುವ ವ್ಯಾಪಾರಿಗಳು 2.5ರ ಬದಲು 2.577 ಶೇಕಡಾ ಹಾಕುವುದು ಅದಕ್ಕೇ. 2.5ನ್ನು 354ರಿಂದ ಭಾಗಿಸಿ 365ರಿಂದ ಗುಣಿಸಿ ನೋಡಿ, ಅಷ್ಟೇ ಬರುತ್ತದೆ. ಅಬ್ಬಾ ಅವರ ದಿನ ರಮಝಾನಿನ ಒಂದನೆಯ ತಾರೀಕು. ಆ ದಿನ ಕೈಯಲ್ಲಿ ಏನಿದೆಯೋ ಅದರ ಲೆಕ್ಕ.

ಎರಡನೆಯದು ಸರಕು. ಇಲ್ಲಿ ನಾನು ಪಠ್ಯಪುಸ್ತಕವನ್ನು ನಂಬಿ ಮೋಸಹೋದೆ. ಮುಗಿಲು ಸರಕನ್ನು ಕೊಂಡ ಬೆಲೆ ಅಥವಾ ಮಾರಿದರೆ ಸಿಗುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಬರೆಯಬೇಕು ಎಂದು ನಾವು ಕಲಿಯುತ್ತೇವೆ. ಲಾಭವನ್ನು ಬರುವ ಮೊದಲೇ ತೋರಿಸಬಾರದು ಎಂಬುದು ಅದರ ಹಿಂದಿನ ತತ್ವ. ಝಕಾತಿನಲ್ಲಿ ಹಾಗಿಲ್ಲ. ಆ ದಿನದ ಮಾರುಕಟ್ಟೆಯಲ್ಲಿ ಸರಕಿಗೆ ಯಾವ ಬೆಲೆ ಇದೆಯೋ ಅದನ್ನೇ ಹಿಡಿಯಬೇಕು. ಬಡವರ ಹಕ್ಕನ್ನು ಅಳೆಯುವಾಗ ಕಡಿಮೆ ಬೆಲೆಯನ್ನು ಆರಿಸಿಕೊಳ್ಳುವ ಅನುಕೂಲ ನಮಗಿಲ್ಲ. ಅಂಗಡಿಯ ಕಪಾಟು, ಗಾಜಿನ ಪೆಟ್ಟಿಗೆ, ಫ್ಯಾನು, ಅಬ್ಬಾ ಅವರ ಸ್ಕೂಟರ್ ಲೆಕ್ಕಕ್ಕೆ ಬರುವುದಿಲ್ಲ. ಅವು ಮಾರಲು ಇಟ್ಟ ವಸ್ತುಗಳಲ್ಲ. ಹಾಗಾಗಿ ಸವಕಳಿ ಲೆಕ್ಕದ ತಲೆನೋವೂ ಇಲ್ಲ!

ನಮ್ಮ ಅಂಗಡಿಯ ನಿಜವಾದ ಅಂಕಿ ಹಾಕಲು ಅಬ್ಬಾ ಒಪ್ಪಲಿಲ್ಲ. ಪಠ್ಯದ ಹಾಗೆ ದುಂಡು ಸಂಖ್ಯೆ ತೆಗೆದುಕೊಳ್ಳೋಣ. ಸರಕಿನ ಇಂದಿನ ಬೆಲೆ 3,60,000 ರೂಪಾಯಿ, ಕೈಯಲ್ಲೂ ಬ್ಯಾಂಕಿನಲ್ಲೂ ಇರುವ ಹಣ 45,000, ಗಿರಾಕಿಗಳಿಂದ ಖಂಡಿತ ಬರುವ ಉದ್ದರಿ 60,000. ಒಟ್ಟು 4,65,000. ಹೋಲ್‌ಸೇಲ್ ವ್ಯಾಪಾರಿಗೆ ನಾವು ಕೊಡಬೇಕಾದ 1,25,000 ಕಳೆದರೆ 3,40,000. ಇದರ ನಲವತ್ತನೆಯ ಒಂದು ಭಾಗ 8,500. ಸರಕಿಗೆ ಕೊಂಡ ಬೆಲೆ 3,00,000 ಎಂದು ಹಾಕಿದ್ದರೆ ಬರುತ್ತಿದ್ದದ್ದು 7,000. ನನ್ನ ಮೊದಲ ಲೆಕ್ಕದಲ್ಲಿ ಹೀಗೆಯೇ ಕಡಿಮೆ ಬಂದಿತ್ತು.

ಅಮ್ಮಿಯ ಒಡವೆಗಳನ್ನೂ ಇದಕ್ಕೆ ಸೇರಿಸಲು ಹೋದೆ. ಅಮ್ಮಿ ತಡೆದರು. "ಅದು ನನ್ನದು, ನಿಮ್ಮ ಅಬ್ಬಾದಲ್ಲ" ಎಂದರು. ಸರಿಯೇ. ಹೆಂಡತಿಯ ಆಸ್ತಿ ಹೆಂಡತಿಯದು, ಅದರ ಝಕಾತೂ ಅವಳ ಹೊಣೆ. ಗಂಡ ಅವಳ ಒಪ್ಪಿಗೆ ಪಡೆದು ಅವಳ ಪರವಾಗಿ ಕೊಡಬಹುದು, ಅಷ್ಟೆ. ಆದರೆ ಅಮ್ಮಿ ಇಷ್ಟು ವರ್ಷ ಕೊಟ್ಟೇ ಇರಲಿಲ್ಲ. ಚಿನ್ನದ ನಿಸಾಬ್ ಏಳೂವರೆ ತೊಲ, ಅಂದರೆ 87.48 ಗ್ರಾಂ. ಅವರ ಬಳಿ ಇರುವುದು ಐದು ತೊಲ. "ನನಗೆ ಬರಲ್ಲ" ಎಂದೇ ಅವರು ತಿಳಿದಿದ್ದರು. ಚಿನ್ನ ಒಂದೇ ಇದ್ದರೆ ಅದು ನಿಜ. ಆದರೆ ಅವರ ಬಳಿ ಬೆಳ್ಳಿಯ ಕಾಲ್ಗೆಜ್ಜೆ ಇತ್ತು, ಅಕ್ಕಿ ಡಬ್ಬದಲ್ಲಿ ಹೊಸ ಮಿಕ್ಸಿಗೆಂದು ಕೂಡಿಟ್ಟ ನೋಟುಗಳೂ ಇದ್ದವು. ಹೀಗೆ ಬೇರೆ ಬೇರೆ ಬಗೆಯ ಸಂಪತ್ತು ಸೇರಿದಾಗ ಹನಫಿ ನಿಯಮದಂತೆ ಎಲ್ಲದರ ಬೆಲೆ ಕೂಡಿಸಿ ಬೆಳ್ಳಿಯ ನಿಸಾಬಿನ ಜೊತೆ, ಅಂದರೆ ಐವತ್ತೆರಡೂವರೆ ತೊಲ ಅಥವಾ 612.36 ಗ್ರಾಂ ಬೆಳ್ಳಿಯ ಬೆಲೆಯ ಜೊತೆ ಹೋಲಿಸಬೇಕು. ಐದು ತೊಲ ಚಿನ್ನದ ಮುಂದೆ ಆ ಬೆಳ್ಳಿಯ ಬೆಲೆ ಎಷ್ಟೋ ಕಡಿಮೆ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು ಡಬ್ಬ ತಂದು ನನ್ನ ಮುಂದಿಟ್ಟರು. ಹಿಂದಿನ ವರ್ಷಗಳ ಬಾಕಿಯನ್ನು ಈಗಲೂ ತಿಂಗಳು ತಿಂಗಳು ಕೊಡುತ್ತಿದ್ದಾರೆ. ಮಿಕ್ಸಿ ಇನ್ನೂ ಹಳೆಯದೇ. ಮಂಗಳೂರು ಕಡೆಯ ನನ್ನ ಬ್ಯಾರಿ ಸಹಪಾಠಿಯ ಮನೆಯವರು ಶಾಫಿಗಳು. ಅವರಲ್ಲಿ ಹೆಂಗಸರು ವಾಡಿಕೆಯಂತೆ ತೊಡುವ ಒಡವೆಗೆ ಝಕಾತ್ ಇಲ್ಲ. ಆದ್ದರಿಂದ ನನ್ನ ಲೆಕ್ಕವನ್ನು ಹಾಗೆಯೇ ನಕಲು ಮಾಡಬೇಡಿ, ನಿಮ್ಮ ಮನೆಯ ರೀತಿ ಯಾವುದೆಂದು ಮೊದಲು ಕೇಳಿ.

ಇನ್ನು ಉದ್ದರಿ ಪುಸ್ತಕ. ಸರಕು ಮಾರಿ ಬರಬೇಕಾದ ಹಣಕ್ಕೂ ಝಕಾತ್ ಇದೆ. ಬರುವುದೇ ಅನುಮಾನವಾದರೆ ಅದು ಕೈಗೆ ಬಂದ ಮೇಲೆ ಕೊಟ್ಟರಾಯಿತು. ಅದಕ್ಕಾಗಿ ಗಿರಾಕಿಗಳನ್ನು ವಿಂಗಡಿಸಬೇಕಿತ್ತು. ನಾನು ಒಂದು ದೊಡ್ಡ ಹಾಳೆಯಲ್ಲಿ ಮೂರು ಅಂಕಣ ಎಳೆದು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ: ಖಂಡಿತ ಬರುವುದು, ಅನುಮಾನ, ಬಾರದ ಸಾಲ. ಪಠ್ಯದಲ್ಲಿ ಬ್ಯಾಡ್ ಡೆಟ್ಸ್ ಎಂದು ಓದಿದ್ದನ್ನು ಮೊದಲ ಸಲ ನಿಜವಾದ ಹೆಸರುಗಳ ಮೇಲೆ ಹಾಕುವ ಉತ್ಸಾಹ. ಮೂರನೆಯ ಅಂಕಣದಲ್ಲಿ ಮೊದಲು ಬರೆದದ್ದು ನಮ್ಮ ಹಿಂದಿನ ಬೀದಿಯ ಒಬ್ಬ ಖಾಲಾ ಅವರ ಹೆಸರು. ಗಂಡ ತೀರಿಕೊಂಡಿದ್ದಾರೆ, ಹೊಲಿಗೆಯಿಂದಲೇ ಮನೆ ನಡೆಯಬೇಕು. 2,640 ರೂಪಾಯಿ, ಹದಿನಾಲ್ಕು ತಿಂಗಳ ಬಾಕಿ.

ಅಸರ್ ಹೊತ್ತಿಗೆ ಅಬ್ಬಾ ಮಸೀದಿಗೆ ಹೋಗಿದ್ದರು. ಹಾಳೆ ಗಾಜಿನ ಪೆಟ್ಟಿಗೆಯ ಮೇಲೆಯೇ ಇತ್ತು. ಅದೇ ಖಾಲಾ ಬಂದು ಎರಡು ಫಾಲ್, ಒಂದು ಮೀಟರ್ ಅಸ್ತರ್ ಕೇಳಿದರು. ನಾನು ಬಟ್ಟೆ ಅಳೆಯುತ್ತಿದ್ದೆ. ಅವರು ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು ಎಂಬುದು ನನಗೆ ಗೊತ್ತಿರಲಿಲ್ಲ. ತಿರುಗಿ ನೋಡಿದಾಗ ಅವರ ಕಣ್ಣು ಹಾಳೆಯ ಮೇಲಿತ್ತು. ಕೈಯಲ್ಲಿದ್ದ ಫಾಲನ್ನು ಮೆಲ್ಲಗೆ ಪೆಟ್ಟಿಗೆಯ ಮೇಲಿಟ್ಟು, "ಇವತ್ತು ಬೇಡ ಬೇಟಿ, ನಾಳೆ ಬರ್ತೀನಿ" ಎಂದು ಹೊರಟುಹೋದರು. ನಾಳೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಬ್ಬಾ ಬೈಯಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. "ಅವರ ಬಾಕಿಯನ್ನು ಝಕಾತಿನಲ್ಲಿ ಮುರಿದುಬಿಡೋಣ" ಎಂದರು. ನನಗೂ ಅದೇ ಸರಿ ಅನ್ನಿಸಿತು. ಅವರ ಖಾತೆ ಮುಗಿಯುತ್ತದೆ, ನಮ್ಮ 8,500ರಲ್ಲಿ 2,640 ಕೊಟ್ಟಂತಾಗುತ್ತದೆ, ಒಂದೇ ಎಂಟ್ರಿಯಲ್ಲಿ ಎರಡು ಕೆಲಸ.

ತರಾವೀಹ್ ಮುಗಿದ ಮೇಲೆ ಅಬ್ಬಾ ಮೌಲಾನಾ ಅವರನ್ನು ಕೇಳಿಕೊಂಡು ಬಂದರು. ಹಾಗೆ ಆಗುವುದಿಲ್ಲವಂತೆ. ಝಕಾತ್ ಅಂದರೆ ಹಣವನ್ನು ಬಡವರ ಕೈಗೆ ಕೊಟ್ಟು ಅವರನ್ನು ಅದರ ಒಡೆಯರನ್ನಾಗಿ ಮಾಡುವುದು, ಅದಕ್ಕೆ ತಮ್ಲೀಕ್ ಎನ್ನುತ್ತಾರೆ. ಪುಸ್ತಕದಲ್ಲಿ ಗೀಟು ಎಳೆದರೆ ಯಾರ ಕೈಗೂ ಏನೂ ಹೋಗುವುದಿಲ್ಲ. (ಹನಫಿ ಉಲಮಾಗಳು ಮಸೀದಿಯ ಕಟ್ಟಡಕ್ಕೆ ಝಕಾತ್ ಹಣ ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.) ಸಾಲ ಬಿಟ್ಟುಕೊಡುವುದು ಬಹಳ ಒಳ್ಳೆಯದು, ಕಷ್ಟದಲ್ಲಿರುವ ಸಾಲಗಾರರಿಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂಬ ಅರ್ಥದ ಮಾತು ಅಲ್‌ಬಕರಾ ಅಧ್ಯಾಯದ 280ನೆಯ ವಚನದಲ್ಲಿದೆ. ಆದರೆ ಅದು ಸದಕಾ. ಝಕಾತ್ ಬೇರೆಯೇ ಕೊಡಬೇಕು. ಅವರ ಕೈಗೆ ಹಣ ಕೊಡಿ, ಅದರಿಂದ ಸಾಲ ತೀರಿಸುತ್ತಾರೋ ಅಕ್ಕಿ ತರುತ್ತಾರೋ ಅವರಿಗೆ ಬಿಟ್ಟದ್ದು, ವಾಪಸ್ ಕೊಡಬೇಕು ಎಂಬ ಷರತ್ತು ಮಾತ್ರ ಹಾಕಬೇಡಿ ಎಂದರಂತೆ ಮೌಲಾನಾ.

ಅವರು ಝಕಾತ್ ಪಡೆಯಲು ಅರ್ಹರೇ ಎಂದೂ ನೋಡಬೇಕಿತ್ತು. ಅತ್ತೌಬ ಅಧ್ಯಾಯದ 60ನೆಯ ವಚನ ಹೇಳುವ ಎಂಟು ಬಗೆಯವರಲ್ಲಿ ಬಡವರೂ ಇದ್ದಾರೆ, ಸಾಲದಲ್ಲಿ ಸಿಕ್ಕಿಕೊಂಡವರೂ ಇದ್ದಾರೆ. ಹೊಲಿಗೆ ಯಂತ್ರ ದುಡಿಮೆಯ ಸಾಧನ, ಸಂಪತ್ತಿನ ಲೆಕ್ಕಕ್ಕೆ ಬಾರದು. ಅವರ ಬಳಿ ಒಡವೆ ಇಲ್ಲ, ಸಯ್ಯದ್ ಮನೆತನದವರೂ ಅಲ್ಲ ಎಂದು ಅಮ್ಮಿಗೆ ಗೊತ್ತಿತ್ತು. "ಝಕಾತ್ ಅಂತ ಹೇಳಬೇಡ, ಈದಿ ಅಂತ ಹೇಳು. ನಮ್ಮ ನಿಯ್ಯತ್ ಇದ್ದರೆ ಸಾಕು" ಎಂದು ಅಮ್ಮಿ 3,000 ರೂಪಾಯಿಯ ಲಕೋಟೆ ನನ್ನ ಕೈಗಿಟ್ಟರು. ಹಾಳೆ ಬರೆದವಳು ನಾನು, ಹೋಗಬೇಕಾದವಳೂ ನಾನೇ.

ಹಿಂದಿನ ಬೀದಿಯ ಅವರ ಮನೆಗೆ ಬೀಗ. ಟ್ಯಾನರಿ ರಸ್ತೆಯ ತಂಗಿಯ ಮನೆಯಲ್ಲಿ ಈದ್ ಹೊಲಿಗೆ ಮಾಡುತ್ತಿದ್ದಾರೆ ಎಂದು ಪಕ್ಕದವರು ಹೇಳಿದರು. ಮರುದಿನ ಬೆಳಿಗ್ಗೆ ತಮ್ಮನನ್ನು ಕರೆದುಕೊಂಡು ಬಸ್ ಹತ್ತಿದೆ. ನನಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, ಅವನಿಗೆ ದುಡ್ಡು ಕೊಟ್ಟದ್ದು. ಅದಕ್ಕೆ ದಾರಿಯುದ್ದಕ್ಕೂ ಗೊಣಗಿದ. ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟೆವು. ಮಾರ್ಚ್ ಬಿಸಿಲು, ಉಪವಾಸದ ಬಾಯಿ, ಮೂರು ಗಲ್ಲಿ ತಪ್ಪಿ ನಾಲ್ಕನೆಯದರಲ್ಲಿ ಯಂತ್ರದ ಸದ್ದು ಕೇಳಿ ಮನೆ ಸಿಕ್ಕಿತು. ನೆಲದ ತುಂಬ ಮಕ್ಕಳ ಬಟ್ಟೆ. ಬೇರೆ ಯಾವುದೋ ಅಂಗಡಿಯ ಅಸ್ತರ್ ಎಂದು ನೋಡಿದ ಕೂಡಲೇ ತಿಳಿಯಿತು.

ಕ್ಷಮೆ ಕೇಳಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. "ಖಾಲಾ, ಆ ಹಾಳೆ..." ಎನ್ನುವಷ್ಟರಲ್ಲಿ ಅವರು, "ನಿನ್ನ ಅಕ್ಷರ ಚೆನ್ನಾಗಿದೆ ಬೇಟಿ" ಎಂದರು. ಮುಂದಿನ ಮಾತು ನನಗೆ ಬರಲಿಲ್ಲ. ಅಮ್ಮಿ ಈದಿ ಕಳಿಸಿದ್ದಾರೆ ಎಂದು ಲಕೋಟೆ ಕೊಟ್ಟೆ. ತೆರೆದು ನೋಡಲಿಲ್ಲ, ಯಂತ್ರದ ಡ್ರಾಯರಿನಲ್ಲಿಟ್ಟು ತಮ್ಮನ ಕುರ್ತಾದ ಅಳತೆ ಕೇಳಿದರು.

ಆ ವರ್ಷ ಈದ್ ಮಾರ್ಚ್ 31ಕ್ಕೇ ಬಂತು, ಪಠ್ಯದ ವರ್ಷ ಮುಗಿಯುವ ದಿನವೇ. ಏಪ್ರಿಲ್ ಮೊದಲ ವಾರದಲ್ಲಿ ಖಾಲಾ ಅಂಗಡಿಗೆ ಬಂದು ಐದು ನೂರರ ನೋಟು ಪೆಟ್ಟಿಗೆಯ ಮೇಲಿಟ್ಟರು. ಅಬ್ಬಾ, "ಬಿಡಿ ಆಪಾ, ನಾನು ಆಗಲೇ ಮಾಫ್ ಮಾಡಿದ್ದೇನೆ" ಎಂದರು. "ನಿಮಗೆ ಕೊಡುತ್ತಿಲ್ಲ ಭಾಯಿ, ಪುಸ್ತಕಕ್ಕೆ ಕೊಡುತ್ತಿದ್ದೇನೆ" ಎಂದು ಖಾಲಾ ನನ್ನ ಕಡೆ ತಿರುಗಿದರು. "ನನ್ನ ಹೆಸರು ಈಗ ಯಾವ ಸಾಲಿನಲ್ಲಿದೆ, ತೋರಿಸು."

ಪಠ್ಯದ ಪ್ರಕಾರ ಮುರಿದ ಸಾಲ ಮತ್ತೆ ಬಂದರೆ ಅದನ್ನು ಆ ಗಿರಾಕಿಯ ಖಾತೆಗೆ ಹಾಕುವುದಿಲ್ಲ, ಬೇರೆ ಆದಾಯವಾಗಿ ತೋರಿಸುತ್ತೇವೆ. ನಾನು ಅಬ್ಬಾ ಮುಖ ನೋಡಿದೆ. ಅವರು ತಲೆಯಾಡಿಸಿದರು. ಉದ್ದರಿ ಪುಸ್ತಕದ ಹಳೆಯ ಪುಟವನ್ನೇ ತೆಗೆದು, ಅವರ ಎದುರಿಗೇ ಜಮಾ 500, ಬಾಕಿ 2,140 ಎಂದು ಬರೆದೆ. ಖಾಲಾ ಬೆರಳಿಟ್ಟು ಓದಿಕೊಂಡರು. ಆಮೇಲೆ ಎರಡು ಮೀಟರ್ ಬಿಳಿ ಅಸ್ತರ್ ಕೇಳಿದರು, ಉದ್ದರಿಗೆ.