ಬಣ್ಣ ಬಿಟ್ಟು ಹೊತ್ತು ಎಣಿಸಿದ ಪಾಠ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಬಸವನಗುಡಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೇ ತರಗತಿಗೆ ‘ಹಲ್ಲುಗಳ ಆರೋಗ್ಯ’ ಪಾಠವನ್ನು ನಾನು ಎರಡು ಸಲ ಮಾಡಿದೆ. ಎರಡನೆಯದು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಮೊದಲನೆಯದು ಕೆಟ್ಟದ್ದರಿಂದ ಮಾಡಬೇಕಾಯಿತು.

ಮೊದಲ ಪಾಠದ ಬೋಧನೋಪಕರಣ ನಾನೇ ಬರೆದ ಚಾರ್ಟು. ಎಡಕ್ಕೆ ನಗುವ ಬಿಳಿ ಹಲ್ಲು, ಬಲಕ್ಕೆ ಅಳುವ ಕಂದು ಹಲ್ಲು. ‘ದಿನಾ ಹಲ್ಲುಜ್ಜೋರು ಯಾರು?’ ಎಂದು ಕೇಳಿದೆ. 28 ಕೈಗಳೂ ಮೇಲೆದ್ದವು. (ಬೇರೆ ಉತ್ತರ ಬರಲು ಸಾಧ್ಯವೇ ಇಲ್ಲದ ಇಂಥ ಪ್ರಶ್ನೆಯನ್ನು ಪೂರ್ವಜ್ಞಾನ ಪರೀಕ್ಷೆ ಎಂದು ನಾವು ಎಷ್ಟು ಸಲ ಬರೆದುಕೊಳ್ಳುತ್ತೇವೋ!) ಬಲಗಡೆಯ ಹಲ್ಲು ಯಾಕೆ ಹಾಗಾಯಿತು ಎಂದಾಗ, ಒಬ್ಬ ಹುಡುಗ ಹಿಂದಿನ ಸಾಲಿನ ಹುಡುಗಿಯ ಕಡೆ ತಿರುಗಿ, ‘ಉಜ್ಜಲ್ವಲ್ಲ, ಅದಕ್ಕೆ ಮಿಸ್’ ಎಂದ. ತರಗತಿ ನಕ್ಕಿತು. ನಾನು ‘ಸರಿಯಾದ ಉತ್ತರ’ ಎಂದು ಮುಂದೆ ಹೋದೆ. ಸ್ವ-ಮೌಲ್ಯಮಾಪನದಲ್ಲಿ ‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂದೂ ಬರೆದೆ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಮೇಡಂ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಹೊರಗೆ ಬಂದ ಮೇಲೆ, ‘ಆ ಮಗು ಕೊನೇವರೆಗೂ ಬಾಯಿಗೆ ಕೈ ಅಡ್ಡ ಇಟ್ಕೊಂಡಿತ್ತಲ್ಲಮ್ಮ, ನೋಡಿದ್ರಾ?’ ಎಂದರು. ನಾನು ನೋಡಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಪಕ್ಕ ಕೂತೆ. ಬಹಳ ಹೊತ್ತಿನ ಮೇಲೆ ಅವಳೇ ಹೇಳಿದಳು: ‘ನಾನೂ ಉಜ್ತೀನಿ ಮಿಸ್. ನಮ್ಮೂರ್ನಾಗೆ ಎಲ್ರ ಹಲ್ಲೂ ಹಿಂಗೇ ಐತೆ.’ ಊರು ಪಾವಗಡದ ಕಡೆ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು.

ನನ್ನ ಚಾರ್ಟು ಎಲ್ಲಿ ತಪ್ಪಿತೆಂದು ಆಗ ಗೊತ್ತಾಯಿತು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಹಲ್ಲು ಒಳಗೇ ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿಯುತ್ತಾ ಬಂದರೆ ಎನಾಮೆಲ್ ಮೇಲೆ ಬಿಳಿ ಗೆರೆ, ಕಂದು ಕಲೆ ಮೂಡುತ್ತವೆ. ಅದು ಫ್ಲೋರೋಸಿಸ್. ಎಷ್ಟು ಉಜ್ಜಿದರೂ ಹೋಗದು. ಅದು ಹುಳುಕೂ ಅಲ್ಲ, ಕೊಳಕೂ ಅಲ್ಲ. ಇನ್ನೊಂದು ಕಡೆ, ಹುಳುಕಿನ ಮೊದಲ ಗುರುತು ಸುಣ್ಣದಂಥ ಬಿಳಿ ಮಚ್ಚೆ. ಅಂದರೆ ನನ್ನ ಚಾರ್ಟಿನ ಎರಡು ಬದಿಗಳೂ ಸುಳ್ಳು.

ಎರಡನೆಯ ಪಾಠಕ್ಕೆ ಚಾರ್ಟು ಒಯ್ಯಲಿಲ್ಲ. ಬೇರೆ ಬೇರೆ ಊರಿನ ನೀರಿನಿಂದ ಶುರು ಮಾಡಿದೆ. ನಾವು ಇಲ್ಲಿ ಕುಡಿಯುವ ಕಾವೇರಿ ನೀರು, ಕೊಳವೆಬಾವಿ ನೀರು, ನೀರಿನಿಂದ ಬರುವ ಕಲೆ. ಯಾರ ಹೆಸರನ್ನೂ ಎತ್ತಲಿಲ್ಲ. ‘ನಿನ್ನೆ ನಾನು ಸರಿ ಅಂದ ಉತ್ತರ ತಪ್ಪು, ತಪ್ಪು ನನ್ನದು’ ಎಂದು ಹೇಳಿದೆ. ತರಗತಿಯ ಮುಂದೆ ಹಾಗೆ ಹೇಳಲು ನನಗೆ ಕಷ್ಟವಾಯಿತು. ಮಕ್ಕಳಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ.

ಆಮೇಲೆ ನೋಟ್‌ಬುಕ್ಕಿನಲ್ಲಿ ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಒಂದು ಉದ್ದ ಗೆರೆ ಎಳೆಸಿದೆ. ನಿನ್ನೆ ಬಾಯಿಗೆ ಸಿಹಿ ಬಿದ್ದ ಹೊತ್ತಿಗೆಲ್ಲ ಒಂದು ಚುಕ್ಕಿ. ಸಕ್ಕರೆ ಹಾಕಿದ ಟೀ, ಬಿಸ್ಕತ್ತು, ಬನ್ನು, ಕಡಲೆ ಮಿಠಾಯಿ ಎಲ್ಲಕ್ಕೂ. ಪ್ರತಿ ಚುಕ್ಕಿಯಿಂದ ಮುಂದಕ್ಕೆ ಅರ್ಧ ಗಂಟೆ ಕೆಂಪು ಬಣ್ಣ. ಯಾಕೆ ಅರ್ಧ ಗಂಟೆ? ಹಲ್ಲಿಗಂಟಿದ ಪ್ಲಾಕ್ ಎಂಬ ಪದರದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕೆಲವೇ ನಿಮಿಷಗಳಲ್ಲಿ ಆಮ್ಲ ಮಾಡುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿದೂಗಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ತುಂಡು ಬಾಯಿಗೆ ಬಿದ್ದರೆ ಗಡಿಯಾರ ಮೊದಲಿನಿಂದ ಶುರು.

ಗಾಂಧಿ ಬಜಾರಿನಲ್ಲಿ ಹೂ ಮಾರುವ ತಾಯಿಯ ಪಕ್ಕ ಸಂಜೆ ಕೂರುವ ಹುಡುಗನ ಗೆರೆ ನಾಲ್ಕರಿಂದ ಎಂಟರವರೆಗೆ ಪೂರ್ತಿ ಕೆಂಪಾಗಿತ್ತು. ಅವನು ತಿಂದದ್ದು ಒಂದೇ ಕಡಲೆ ಮಿಠಾಯಿ. ಅದನ್ನು ಜೇಬಿನಲ್ಲಿಟ್ಟುಕೊಂಡು ಚೂರುಚೂರೇ ತಿಂದಿದ್ದ. ಪಕ್ಕದವನು ಮಧ್ಯಾಹ್ನದ ಊಟದ ಜೊತೆ ಮೂರು ತಿಂದಿದ್ದ, ಅವನಿಗೆ ಒಂದೇ ಪಟ್ಟಿ. ‘ಹಂಗಾದ್ರೆ ಒಂದೇ ಸಲ ತಿಂದ್ಬಿಟ್ರೆ ಒಳ್ಳೇದಾ ಮಿಸ್?’ ಎಂದು ಹೂವಿನವರ ಹುಡುಗ ಕೇಳಿದ. ಇಡೀ ಅವಧಿಯ ಅತ್ಯುತ್ತಮ ಪ್ರಶ್ನೆ ಅದು. ತಿನ್ನುವುದೇ ಆದರೆ ಊಟದ ಜೊತೆ ತಿಂದು ಮುಗಿಸು, ನಡುನಡುವೆ ಬಾಯಿಗೆ ಬಿಡುವು ಕೊಡು ಎಂದೆ. ಮುಂದಿನ ವಾರ ಕಡಲೆಕಾಯಿ ಪರಿಷೆ ಇತ್ತು. ಹುರಿಗಡಲೆಕಾಯಿಯ ಬಗ್ಗೆ ತಕರಾರಿಲ್ಲ, ಬೆಂಡು ಬತ್ತಾಸಿನ ಪೊಟ್ಟಣ ರಾತ್ರಿವರೆಗೂ ಕೈಯಲ್ಲಿದ್ದರೆ ತಕರಾರು ಎಂದು ತರಗತಿಯೇ ತೀರ್ಮಾನಿಸಿತು.

ರಾತ್ರಿ ಉಜ್ಜುವವರು ಐದು ಜನ ಮಾತ್ರ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ಬೆಳಗಿಗಿಂತ ರಾತ್ರಿ ಉಜ್ಜುವುದು ಮುಖ್ಯ ಎಂದಾಗ, ವಠಾರದ ಮಕ್ಕಳು ‘ಆಗ ನಲ್ಲೀಲಿ ನೀರಿರಲ್ಲ’ ಎಂದರು. ಹೆಚ್ಚು ನೀರು ಬೇಕಿಲ್ಲ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು, ಎರಡು ನಿಮಿಷ, ನಂತರ ಉಗುಳುವುದು. ಮುಕ್ಕಳಿಸದಿದ್ದರೆ ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿದು ಇನ್ನೂ ಒಳ್ಳೆಯದು. ಆಗ ಹಿಂದಿನ ಸಾಲಿನಿಂದ ಕೈ ಎದ್ದಿತು. ‘ಫ್ಲೋರೈಡೇ ಕಲೆ ಮಾಡ್ತೈತೆ ಅಂದ್ರಲ್ಲ ಮಿಸ್?’ ಬಾಯಿಗೆ ಅಡ್ಡವಿದ್ದ ಕೈ ಅದು. ನೀರಿನ ಜೊತೆ ವರ್ಷಗಟ್ಟಲೆ ಹೊಟ್ಟೆಗೆ ಹೋಗುವುದಕ್ಕೂ ಹಲ್ಲಿನ ಮೇಲೆ ಸವರಿ ಉಗುಳುವುದಕ್ಕೂ ಇರುವ ವ್ಯತ್ಯಾಸ ವಿವರಿಸುವಷ್ಟರಲ್ಲಿ ಗಂಟೆ ಹೊಡೆಯಿತು.

ಒಂದು ಭಾಗವನ್ನು ಅವಸರದಲ್ಲಿ ಮುಗಿಸಿದೆ. ಆರನೇ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಮನೆಯವರು ಅದನ್ನೂ ಹಾಲುಹಲ್ಲು ಎಂದೇ ತಿಳಿದು ‘ಬಿದ್ದು ಹೋಗುತ್ತೆ ಬಿಡು’ ಎನ್ನುತ್ತಾರೆ. ಮತ್ತೆ ಈ ಪಾಠ ಮಾಡುವವರು ಇದಕ್ಕೆ ಹತ್ತು ನಿಮಿಷವಾದರೂ ಇಡಬೇಕು. ಮಕ್ಕಳು ನಾಲಿಗೆಯಿಂದಲೇ ಆ ಹಲ್ಲನ್ನು ಹುಡುಕಬಹುದು, ಯಾರೂ ಯಾರೆದುರಿಗೂ ಬಾಯಿ ತೆರೆಯಬೇಕಿಲ್ಲ.

ಹಲ್ಲುನೋವು ಇದೆ ಎಂದು ಪಾಠದ ನಂತರ ನಾಲ್ವರು ಒಬ್ಬೊಬ್ಬರಾಗಿ ಬಂದು ಹೇಳಿದರು. ಕೋಟೆಯ ಬಳಿ ವಿಕ್ಟೋರಿಯಾ ಆಸ್ಪತ್ರೆಯ ಹತ್ತಿರ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ ಎಂದು ಅವರ ಪೋಷಕರಿಗೆ ಚೀಟಿ ಬರೆದುಕೊಟ್ಟೆ. ನನ್ನ ಅಭ್ಯಾಸ ಬೋಧನೆ ಮುಗಿಯುವ ಹೊತ್ತಿಗೆ ಇಬ್ಬರು ಹೋಗಿ ಬಂದಿದ್ದರು. ಇನ್ನಿಬ್ಬರ ಚೀಟಿಯನ್ನು ಅವರ ತರಗತಿ ಶಿಕ್ಷಕಿಯ ಕೈಗೆ ಒಪ್ಪಿಸಿ ಬಂದೆ.